ಹದಿನೇಳು ವ್ಯಾಟಿನ ಹುಲ್ಲು

ಎಸ್.ಪಿ. ರೋಡಿನಲ್ಲಿ ಕಿವಿಗೆ ಮೊದಲು ಬೀಳುವುದು ಪ್ಯಾಕಿಂಗ್ ಟೇಪು ಬಿಚ್ಚುವ ಸದ್ದು. ಚರ್ರನೆ ಒಂದು ಅಂಗಡಿಯಲ್ಲಿ, ಚರ್ರನೆ ಎದುರಂಗಡಿಯಲ್ಲಿ, ಆಮೇಲೆ ಮೇಲಿನ ಮಹಡಿಯಲ್ಲಿ. ಶನಿವಾರ ಬೆಳಿಗ್ಗೆ ಹತ್ತೂವರೆ. ಒಂದು ಕಡೆಯಿಂದ ಊದುಬತ್ತಿಯ ಹೊಗೆ, ಇನ್ನೊಂದು ಕಡೆಯಿಂದ ಬೆಸುಗೆಯ ಹೊಗೆ. ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿ ಪಟಕ್ಕೆ ಹಾಕಿದ್ದ ಮಲ್ಲಿಗೆ ದಂಡೆ ಜಾರಿ, ಕೆಳಗಿದ್ದ ಮಾನಿಟರಿನ ಮೂಲೆಯನ್ನು ಮುಚ್ಚಿತ್ತು. ತಲೆಯ ಮೇಲೆ ಸಿಂಬಿ ಸುತ್ತಿ ನಾಲ್ಕು ಸಿಪಿಯು ಡಬ್ಬ ಹೊತ್ತಿದ್ದ ಆಳು, "ಸೈಡ್, ಸೈಡ್" ಎನ್ನುತ್ತ ಸ್ಕೂಟರುಗಳ ನಡುವೆ ನುಸುಳಿಹೋದ. ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿಗಳ ಕೆಳಗೆ ಅದೇ ಬಣ್ಣದ ಕೇಬಲ್ ಸುರುಳಿಗಳು ಮಾರಾಟಕ್ಕೆ ತೂಗುತ್ತಿದ್ದವು.

ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಹಾಗೆಂದು ಕೇಳಿದರೆ ಆಟೋದವನೂ ಒಮ್ಮೆ ಯೋಚಿಸುತ್ತಾನೆ. ಹಳೆ ಪುಸ್ತಕಕ್ಕೆ ಅವೆನ್ಯೂ ರೋಡು, ಗಾಡಿ ಬಿಡಿಭಾಗಕ್ಕೆ ಜೆ.ಸಿ. ರೋಡು, ಕಂಪ್ಯೂಟರಿಗೆ ಎಸ್.ಪಿ. ರೋಡು ಎಂಬುದು ಬೆಂಗಳೂರಿನ ಬಾಯಿಪಾಠ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಾವಿಬ್ಬರೂ ನಡೆದೇ ಬಂದಿದ್ದೆವು: ನಾನು, ಮತ್ತು ಅಕ್ಕನ ಮಗ.

ಹುಡುಗ ತಿಪಟೂರಿನವನು. ಡಿಪ್ಲೊಮಾ ಮುಗಿಸಿ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಗೆ ಸೇರಿದ್ದಾನೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಅವನ ಕೆಲಸ ಯಾರದೋ ಸರ್ವರುಗಳನ್ನು ಕಾಯುವುದು. ಕಾದರೆ ಸಾಲದು, ಕಟ್ಟುವುದನ್ನೂ ಕಲಿಯಬೇಕು ಎಂದು ಅವನ ಹಟ.

"ಆಫೀಸಿನ ಸರ್ವರ್ ಮೇಲೆ ಕಲಿಯೋಕೆ ಹೋದ್ರೆ ಕೆಲ್ಸಾನೇ ಹೋಗುತ್ತೆ ಮಾವ. ಮನೇಲಿ ಒಂದಿದ್ರೆ ಹತ್ತು ಸಲ ಕೆಡಿಸಿದ್ರೂ ಕೇಳೋರಿಲ್ಲ."

ಅವನ ಜೇಬಿನಲ್ಲಿ ಹದಿನೈದು ಸಾವಿರ ರೂಪಾಯಿ. ತಲೆಯಲ್ಲಿ ಅವನ ಅತ್ತೆ, ಅಂದರೆ ನನ್ನ ಹೆಂಡತಿ, ಹಾಕಿದ ಎರಡು ಷರತ್ತು: ಸದ್ದು ಬರಬಾರದು, ಕರೆಂಟ್ ಬಿಲ್ ಬರಬಾರದು. ಎರಡನೆಯದಕ್ಕೆ ಕಾರಣವಿತ್ತು. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಯ ಬಿಲ್ಲಿನಲ್ಲಿ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇರುತ್ತದೆ. ಆ ಸೊನ್ನೆಯನ್ನು ಅವಳು ಗೃಹಪ್ರವೇಶದ ಫೋಟೊದಷ್ಟೇ ಜೋಪಾನ ಮಾಡಿಕೊಂಡು ಬಂದಿದ್ದಾಳೆ.

ಸರ್ವರು ಕಟ್ಟುವುದನ್ನು ಕಲಿಯಲು ಅವನು ಆರಿಸಿಕೊಂಡಿದ್ದ, ಒಂದೇ ಕಂಪ್ಯೂಟರಿನೊಳಗೆ ಐದಾರು ಕಂಪ್ಯೂಟರು ಎಬ್ಬಿಸುವ ವಿದ್ಯೆ ಏನೆಂದು ನಾನು ಹಿಂದಿನ ರಾತ್ರಿ ಕೇಳಿದ್ದೆ. ಅವನು ವಿವರಿಸಿದ, ನಾನು ನನ್ನ ಭಾಷೆಗೆ ತಂದುಕೊಂಡೆ. ಇದು ವಠಾರ. ಒಂದೇ ಗೇಟು, ಒಂದೇ ಸಂಪು, ಒಂದೇ ತಾರಸಿ. ಒಳಗೆ ಆರು ಮನೆ. ಪ್ರತಿ ಮನೆಯವರಿಗೂ ತಮ್ಮ ಅಡುಗೆಮನೆ, ತಮ್ಮ ಚಿಲಕ, ತಮ್ಮ ಜಗಳ. ಒಬ್ಬರ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದರೆ ಪಕ್ಕದವರ ಸಾರಿಗೆ ಏನೂ ಆಗುವುದಿಲ್ಲ. ನೀರು ಯಾರಿಗೆಷ್ಟು, ತಾರಸಿ ಯಾರಿಗೆ ಯಾವಾಗ ಎಂದು ಹಂಚಲು ಮೇಲೊಬ್ಬ ವಠಾರದ ಯಜಮಾನ. ಆ ಯಜಮಾನನ ಹೆಸರು ಹೈಪರ್‌ವೈಸರ್. ಒಳಗಿನ ಮನೆಗಳು ವರ್ಚುವಲ್ ಮಷೀನುಗಳು.

ಈ ವಠಾರ ಹೊಸದೇನಲ್ಲ. ಕೋಣೆ ತುಂಬುವ ಯಂತ್ರಗಳ ಕಾಲದಲ್ಲಿ, 1960ರ ದಶಕದಲ್ಲೇ, ಐಬಿಎಂನವರು ಅಮೆರಿಕದ ಕೇಂಬ್ರಿಜ್‌ನಲ್ಲಿ ಇದನ್ನು ಕಟ್ಟಿ ನೋಡಿದ್ದರು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳಿಗೂ ಕೊಟ್ಟರು. ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಿಗೆ ಅದನ್ನು ಇಳಿಸಿದ್ದು 1998ರಲ್ಲಿ ಹುಟ್ಟಿದ ವಿಎಂವೇರ್. 2005ರಿಂದ ಇಂಟೆಲ್, ಮರುವರ್ಷದಿಂದ ಎಎಂಡಿ, ಇದಕ್ಕೆ ಬೇಕಾದ ಅನುಕೂಲವನ್ನು ಚಿಪ್ಪಿನೊಳಗೇ ಇಟ್ಟವು. 2007ರಲ್ಲಿ ಲಿನಕ್ಸ್ ಕರ್ನಲ್ ಕೆವಿಎಂ ಎಂಬ ಹೈಪರ್‌ವೈಸರನ್ನು ತನ್ನೊಳಗೆ ಸೇರಿಸಿಕೊಂಡಿತು. ಅದರ ಮರುವರ್ಷ ವಿಯೆನ್ನಾದವರು ಪ್ರಾಕ್ಸ್‌ಮಾಕ್ಸ್ ಎಂಬ ಯಜಮಾನನನ್ನು ಊರಿಗೆಲ್ಲ ಪುಕ್ಕಟೆ ಬಿಟ್ಟರು. ವಿಎಂವೇರನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡು, ಮೂರು ತಿಂಗಳೊಳಗೆ ಉಚಿತ ಆವೃತ್ತಿಯನ್ನು ನಿಲ್ಲಿಸಿತು. 2025ರಲ್ಲಿ ಮತ್ತೆ ಕೊಟ್ಟಿತೆನ್ನಿ. ಅಷ್ಟರಲ್ಲಿ ಮನೆಯಲ್ಲಿ ಲ್ಯಾಬು ಕಟ್ಟಿಕೊಂಡಿದ್ದ ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ವಠಾರ ಬದಲಿಸಿ ಆಗಿತ್ತು. ಹೀಗಾಗಿ ಸಾಫ್ಟ್‌ವೇರಿಗೆ ಕಾಸಿನ ಖರ್ಚಿಲ್ಲ. ಖರ್ಚೆಲ್ಲ ತಗಡಿನದು.

ಆ ತಗಡು ನೆಲಮಾಳಿಗೆಯ ಒಂದು ಅಂಗಡಿಯಲ್ಲಿ ನಮ್ಮನ್ನು ಕಾದುಕೊಂಡು ಮಲಗಿತ್ತು. ಡೆಲ್ ಕಂಪನಿಯ ಪವರ್‌ಎಡ್ಜ್ ಆರ್720. 2012ರಲ್ಲಿ ಬಂದ ಮಾದರಿ. ಎರಡಡಿಗೂ ಮೀರಿದ ಉದ್ದ, ಅಂಗೈ ಅಗಲದ ಎತ್ತರ, ಮುಂಭಾಗದಲ್ಲಿ ಜೇನುಗೂಡಿನಂಥ ಜಾಲರಿ. ಒಳಗೆ ಎರಡು ಜಿಯಾನ್ ಪ್ರೊಸೆಸರು. ಮೆಮೊರಿ ಪಟ್ಟಿ ಸಿಗಿಸಲು ಒಟ್ಟು 24 ಸ್ಲಾಟು. ಅಂಗಡಿಯವನು ಹೇಳಿದ ಬೆಲೆ ಕೇಳಿ ಹುಡುಗನ ಕಣ್ಣು ಅರಳಿತು. ಒಂದು ಕಾಲಕ್ಕೆ ಲಕ್ಷಗಟ್ಟಲೆ ಬಾಳಿದ್ದು ಈಗ ಅವನ ಜೇಬಿನ ಅಳತೆಗೆ ಇಳಿದಿತ್ತು.

"ಕಂಪನಿ ಮಾಲ್ ಸಾರ್. ಏಸೀಲೇ ಇದ್ದಿದ್ದು. ಧೂಳು ನೋಡಿ, ಇಲ್ವೇ ಇಲ್ಲ."

ಅಂಗಡಿಯವನೂ ಅವನ ಹುಡುಗನೂ ಎರಡು ತುದಿ ಹಿಡಿದು ಅದನ್ನು ಮೇಜಿಗೆ ಎತ್ತಿಟ್ಟರು. ಮೇಜು ಕಿರುಗುಟ್ಟಿತು. ಸ್ವಿಚ್ ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ಒಳಗಿನ ಆರು ಫ್ಯಾನುಗಳೂ ಒಟ್ಟಿಗೆ ಎದ್ದವು. ನಮ್ಮೂರಿನ ಹಿಟ್ಟಿನ ಗಿರಣಿಗೆ ಬೆಲ್ಟು ಹಾಕಿದಂತೆ ಸದ್ದು ಏರುತ್ತ ಏರುತ್ತ ಮಾತು ಮುಳುಗಿಹೋಯಿತು. ಅಂಗಡಿಯವನ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಬಿಲ್ ಪುಸ್ತಕದ ಹಾಳೆಗಳು ಪಟಪಟಿಸಿದವು. ನಿಮಿಷ ಕಳೆದ ಮೇಲೆ ಸದ್ದು ಇಳಿಯಿತು. ಇಳಿದರೂ ಮಳೆಗಾಲದ ತಗಡಿನ ಸೂರಿನಂತೆ ಒಂದೇ ಸಮನೆ ಉಳಿಯಿತು.

ಹುಡುಗ ಅದರ ಮೈ ಸವರುತ್ತಿದ್ದ. ನನಗೆ ಅಪ್ಪನ ನೆನಪಾಯಿತು.

ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನು ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದುಕೊಂಡು ಹೋಗಿದ್ದ. ಚಪ್ಪರದ ಕೆಳಗೆ ಒಂದು ಜೋಡಿ ಹಳ್ಳಿಕಾರ್ ಎತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಿಣಿಲು ನನ್ನ ತಲೆಗಿಂತ ಎತ್ತರ. ಮಾಲೀಕನಿಗೆ ಏನು ಆತುರವಿತ್ತೋ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಹೇಳಿದ ಬೆಲೆ ಅಪ್ಪನ ಕೈಗೆಟಕುವಷ್ಟೇ ಇತ್ತು. ಅಪ್ಪ ಬೆರಳು ಬಿಡಿಸಿಕೊಂಡು ಎದ್ದುಬಂದ. "ಯಾಕಪ್ಪಾ?" ಎಂದು ನಾನು ಅಳುಮುಖ ಮಾಡಿದ್ದಕ್ಕೆ, "ತರೋದು ಒಂದು ದಿನ, ಮೇಯ್ಸೋದು ದಿನಾ ಕಣೋ. ನಮ್ಮ ಬಣವೇಲಿ ಅಷ್ಟು ಹುಲ್ಲೆಲ್ಲಿದೆ?" ಎಂದಿದ್ದ.

ನಾನು ಬಿಲ್ ಪುಸ್ತಕದ ಹಿಂಬದಿ ತಿರುಗಿಸಿ ಪೆನ್ನು ಕೇಳಿದೆ. ಹುಲ್ಲಿನ ಲೆಕ್ಕ ಹಾಕಬೇಕಿತ್ತು.

ಒಂದು ವ್ಯಾಟಿನ ದೀಪ ಹಗಲೂ ರಾತ್ರಿ ಮೂವತ್ತು ದಿನ ಉರಿದರೆ 0.72 ಯೂನಿಟ್. ಈ ಕಬ್ಬಿಣದ ಎತ್ತು ಏನೂ ಕೆಲಸವಿಲ್ಲದೆ ಸುಮ್ಮನೆ ನಿಂತಿದ್ದರೂ 120 ವ್ಯಾಟಿನ ಆಸುಪಾಸು ತಿನ್ನುತ್ತದೆಂದು ಹುಡುಗನೇ ಒಪ್ಪಿಕೊಂಡ. ಅಂದರೆ ತಿಂಗಳಿಗೆ 86 ಯೂನಿಟ್. ನಮ್ಮ ಮನೆಯದು ತಿಂಗಳಿಗೆ 128. ಕೂಡಿದರೆ 214.

ಗೃಹಜ್ಯೋತಿಯ ನಿಯಮ ಗೊತ್ತಿದ್ದವರಿಗೆ ಈ 214 ಎಂಬ ಅಂಕಿಯ ಬಿಸಿ ತಟ್ಟುತ್ತದೆ. ಯೋಜನೆ ಶುರುವಾಗುವ ಮುಂಚಿನ ಒಂದು ವರ್ಷದ ಸರಾಸರಿ ಬಳಕೆ ಎಷ್ಟೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಯೂನಿಟ್ ಪುಕ್ಕಟೆ. ಅದನ್ನು ಮೀರಿದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದಿರೋ, ಪುಕ್ಕಟೆ ಎಂಬ ಮಾತೇ ಇಲ್ಲ. ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಹಿಡಿದರೂ ತಿಂಗಳಿಗೆ ಸಾವಿರದ ಇನ್ನೂರೈವತ್ತು ದಾಟುತ್ತದೆ; ನಿಗದಿತ ಶುಲ್ಕ, ತೆರಿಗೆ ಬೇರೆ. ಸರ್ವರು ತಿನ್ನುವುದು 86 ಯೂನಿಟ್, ತೆರಬೇಕಾದದ್ದು 214ಕ್ಕೆ. ಒಂದು ವರ್ಷದಲ್ಲಿ ಹುಡುಗನ ಜೇಬಿನಲ್ಲಿದ್ದಷ್ಟೇ ದುಡ್ಡು ಮತ್ತೊಮ್ಮೆ ಖರ್ಚು.

"ಹಂಗಾದ್ರೆ ಎಷ್ಟು ವ್ಯಾಟ್ ತಗೋಬೋದು ಮಾವ?"

ಅದುವರೆಗೆ ಅವನು ಎಷ್ಟು ಕೋರ್, ಎಷ್ಟು ಜಿಬಿ ಎಂದಷ್ಟೇ ಕೇಳಿಕೊಂಡು ಬಂದಿದ್ದ. ಈಗ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದೆವು. ನಮ್ಮ ಆಗಿನ ಸರಾಸರಿಯೂ 128, ಅದರ ಶೇ 10 ಅಂದರೆ 12.8. ಪುಕ್ಕಟೆಯ ಗಡಿ 140.8. ನಡುವೆ ಉಳಿದಿರುವ 12.8 ಯೂನಿಟ್ಟನ್ನು 0.72ರಿಂದ ಭಾಗಿಸಿದರೆ ಹದಿನೇಳು ಚಿಲ್ಲರೆ.

ಹದಿನೇಳು ವ್ಯಾಟ್. ನಮ್ಮ ಬಣವೆಯಲ್ಲಿದ್ದ ಹುಲ್ಲು ಅಷ್ಟೇ.

ನೆಲಮಾಳಿಗೆಯಿಂದ ಮೇಲೆ ಬಂದು ಒಂದು ಸಂದಿಯ ಬಾಯಲ್ಲಿ ನಿಂತು ಬೈಟು ಕಾಫಿ ಕುಡಿದೆವು. ಲೋಟ ಹಿಡಿದೇ ಹುಡುಗ ಪಟ್ಟಿಯಿಂದ ಒಂದೊಂದನ್ನೇ ಹೊಡೆದುಹಾಕಿದ. ಅಸೆಂಬಲ್ ಮಾಡಿದ ಹಳೇ ಟವರ್ ಸಿಪಿಯು ಅಗ್ಗ. ಆದರೆ ನಲವತ್ತು ವ್ಯಾಟಿಗೆ ಕಡಿಮೆ ಇಲ್ಲ, ತಿಂಗಳಿಗೆ 29 ಯೂನಿಟ್. 200ರ ಗೆರೆ ದಾಟುವುದಿಲ್ಲ, ಹದಿನಾರು ಯೂನಿಟ್ಟಿನ ದುಡ್ಡು ಕಟ್ಟಿದರಾಯಿತು. ಸುಮಾರು ನೂರು ರೂಪಾಯಿ. "ನೂರೇ ಆಗಿರ್ಲಿ, ಅತ್ತೆಗೆ ಸೊನ್ನೆ ಬೇಕು" ಎಂದು ಅವನೇ ಅದನ್ನು ಹೊಡೆದ. ಪರದೆ ಒಡೆದ ಹಳೇ ಲ್ಯಾಪ್‌ಟಾಪ್ ಎಲ್ಲಕ್ಕಿಂತ ಅಗ್ಗ; ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಆರುವುದಿಲ್ಲ. ಆದರೆ ಹಗಲೂ ರಾತ್ರಿ ಚಾರ್ಜರಿಗೆ ಸಿಗಿಸಿಟ್ಟರೆ ಹಳೇ ಬ್ಯಾಟರಿ ಪೂರಿಯಂತೆ ಉಬ್ಬುತ್ತದೆ. ಮಲಗುವ ಕೋಣೆಯಲ್ಲಿ ಅದನ್ನು ನಂಬಿ ನಿದ್ದೆ ಮಾಡುವುದು ಹೇಗೆ? ಇಂಟೆಲ್ ಎನ್100 ಚಿಪ್ಪಿನ ಹೊಸ ಪುಟ್ಟ ಡಬ್ಬಗಳು ಹುಲ್ಲು ತಿನ್ನುವುದು ಕಡಿಮೆ. ನೋಡಿದವುಗಳಲ್ಲೆಲ್ಲ ಮೆಮೊರಿಗೆ ಇದ್ದದ್ದು ಒಂದೇ ಸ್ಲಾಟು, ಬೆಲೆ ಮಾತ್ರ ಹೊಸದರದು.

ಉಳಿದದ್ದು ಒಂದೇ: ಆಫೀಸುಗಳಿಂದ ಹೊರಬಿದ್ದ ಟೈನಿ.

ಮೊದಲ ಮಹಡಿಯ ಆ ಅಂಗಡಿಗೆ ಮೆಟ್ಟಿಲೇ ಗೋದಾಮು. ಒಂದೊಂದು ಮೆಟ್ಟಿಲಿನ ಮೇಲೂ ಕಪ್ಪು ಡಬ್ಬಗಳ ಪೇರಿಕೆ. ಒಂದೊಂದೂ ದಪ್ಪ ನಿಘಂಟಿನಷ್ಟು: ಒಂದು ಗೇಣಿಗಿಂತ ತುಸು ಚಿಕ್ಕದು, ದಪ್ಪ ಒಂದೂವರೆ ಅಂಗುಲ, ಒಂದೂಕಾಲು ಕೆಜಿ ತೂಕ. ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ. ಅಂಗಡಿಯವರ ಬಾಯಲ್ಲಿ ಮೂರೂ ಟೈನಿಯೇ. ಬೆನ್ನ ಮೇಲೆ ಇನ್ನೂ ಹಳೇ ಒಡೆಯರ ಬಾರ್‌ಕೋಡ್ ಚೀಟಿ. ಬ್ಯಾಂಕಿನ ಕೌಂಟರಿನಲ್ಲಿ, ಕಾಲ್ ಸೆಂಟರಿನಲ್ಲಿ ಮಾನಿಟರಿನ ಬೆನ್ನಿಗೆ ಅಂಟಿಕೊಂಡು ವರ್ಷಗಟ್ಟಲೆ ದುಡಿದ ಜೀವಗಳು.

ಇಷ್ಟೊಂದು ಒಟ್ಟಿಗೆ ಬೀದಿಗೆ ಬಂದಿರುವುದಕ್ಕೂ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರು ಇರಬೇಕು. ಆರನೇ, ಏಳನೇ ತಲೆಮಾರಿನವು ಗಟ್ಟಿಮುಟ್ಟಾಗಿದ್ದರೂ ಕಂಪನಿಗಳ ಪಾಲಿಗೆ ನಿವೃತ್ತರು. ಪ್ರಾಕ್ಸ್‌ಮಾಕ್ಸಿಗೆ ಆ ವಯಸ್ಸಿನ ಗೊಡವೆ ಇಲ್ಲ. ಅದು ಕುಳಿತುಕೊಳ್ಳುವುದು ಲಿನಕ್ಸ್ ಮೇಲೆ. ವಠಾರ ನಡೆಸಲು ಬೇಕಾದ ವಿಟಿ-ಎಕ್ಸ್ ಎಂಬ ಅನುಕೂಲ ಆರನೇ ತಲೆಮಾರಿನ ಐ5ನಲ್ಲೂ ಇದೆ. ಹುಡುಗ ಹುಡುಕಿಕೊಂಡು ಬಂದದ್ದು ಐ5-6500ಟಿ. ನಾಲ್ಕು ಕೋರು. ಕೊನೆಯ 'ಟಿ' ಅಕ್ಷರವೇ ಅವನಿಗೆ ಮುಖ್ಯ: ಅದು ಮಿತಾಹಾರಿ ತಳಿ, ಹೊಟ್ಟೆಯ ಲೆಕ್ಕ 35 ವ್ಯಾಟಿನದು, ಸುಮ್ಮನಿದ್ದಾಗ ಅದರ ಮೂರನೇ ಒಂದು ಪಾಲೂ ತಿನ್ನುವುದಿಲ್ಲ. ಎಂಟನೇ ತಲೆಮಾರಿನ ಐ5-8500ಟಿಯಲ್ಲಿ ಆರು ಕೋರು ಇವೆ; ಆದರೆ ಅದಕ್ಕೆ ವಿಂಡೋಸ್ 11ರ ರಹದಾರಿ ಇರುವುದರಿಂದ ಬೆಲೆಯೂ ನಾಲ್ಕೈದು ಸಾವಿರ ಮೇಲೆ.

ಅಂಗಡಿಯಾತ ಐವತ್ತರ ಆಸುಪಾಸಿನವರು. ಕಿವಿಯ ಸಂದಿಯಲ್ಲಿ ಪೆನ್ನು, ಬೆರಳ ತುದಿಯಲ್ಲಿ ಥರ್ಮಲ್ ಪೇಸ್ಟಿನ ಬೂದು ಕಲೆ. ಕನ್ನಡ, ಹಿಂದಿ, ತಮಿಳು ಮೂರರಲ್ಲೂ ಒಂದೇ ಉಸಿರಿಗೆ ದರ ಹೇಳಬಲ್ಲವರು.

"ಎಷ್ಟು ಜಿಬಿ ಬೇಕಪ್ಪಾ? ರ್‍ಯಾಮ್ ಬೇರೆ ತಗೋಬೇಡ, ಹೇಳ್ತೀನಿ ಕೇಳು. ಬೆಳಿಗ್ಗೆ ಒಂದು ರೇಟು, ಸಾಯಂಕಾಲ ಒಂದು ರೇಟು. ಚಿನ್ನದಂಗಡಿ ಆಗೋಗಿದೆ. ಒಳಗೇ ಇರೋದನ್ನ ಆರಿಸ್ಕೊ."

ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯಿಂದ ಬೆಲೆ ಹುಚ್ಚುಕುದುರೆಯಾಗಿರುವುದು ನಿಜ. ಹಾಗಾಗಿ ಖಾಲಿ ಡಬ್ಬ ಅಗ್ಗಕ್ಕೆ ಕೊಂಡು ನಿಧಾನಕ್ಕೆ ತುಂಬಿಕೊಳ್ಳುವ ಹಳೇ ಜಾಣತನ ಈಗ ನಡೆಯುವುದಿಲ್ಲ. ತುಂಬಿದ ಡಬ್ಬವೇ ಲಾಭ. ಅದೂ ಅಲ್ಲದೆ ವಠಾರದಲ್ಲಿ ಮೊದಲು ಬರಿದಾಗುವುದು ಸಂಪಿನ ನೀರೇ, ಅಂದರೆ ಮೆಮೊರಿ. ಕೋರುಗಳನ್ನು ಸರದಿಯ ಮೇಲೆ ಹತ್ತು ಮನೆಗೆ ಹಂಚಬಹುದು, ತಾರಸಿಯ ಹಾಗೆ. ನೀರನ್ನು ಹಾಗೆ ಎಳೆದಾಡಲಾಗದು. ಹುಡುಗನ ಲೆಕ್ಕ ಇದು: ಯಜಮಾನನಿಗೆ 2 ಜಿಬಿ, ವಿಂಡೋಸ್ ಸರ್ವರಿಗೆ 4, ಎರಡು ಲಿನಕ್ಸ್ ಮನೆಗೆ ಎರಡೆರಡು, ಫೈರ್‌ವಾಲಿಗೆ 1, ಒಟ್ಟು 11. ಬಂದುಹೋಗುವ ನೆಂಟರಿಗೆ ಸ್ವಲ್ಪ ಬಿಟ್ಟರೆ 16 ಬೇಕೇ ಬೇಕು. ಮುಂದೆ 32ರವರೆಗೆ ಏರಿಸಲು ಜಾಗವಿದ್ದರೆ ಒಳ್ಳೆಯದು.

ಮೆಮೊರಿ ವಿಷಯದಲ್ಲಿ ಅವನು ಒಮ್ಮೆ ಕೈಸುಟ್ಟುಕೊಂಡವನು. ಹೋದ ವರ್ಷ ಗೆಳೆಯನ ಹಳೇ ಡೆಸ್ಕ್‌ಟಾಪಿಗೆಂದು ಒಂದು ಕಡೆ ಅರ್ಧ ಬೆಲೆಗೆ 16 ಜಿಬಿಯ ಪಟ್ಟಿ ಸಿಕ್ಕಿತೆಂದು ತಂದ. ಸ್ಲಾಟಿನಲ್ಲಿ ನೀಟಾಗಿ ಕೂತಿತು. ಯಂತ್ರ ಮಾತ್ರ ಏಳಲಿಲ್ಲ. ಅದು ಸರ್ವರಿಗೆ ಮಾತ್ರ ಹೊಂದುವ ರಿಜಿಸ್ಟರ್ಡ್ ಜಾತಿ. ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಅವನು ಪಟ್ಟಿಯ ಮೇಲಿನ ಬಿಳಿ ಚೀಟಿಯನ್ನು ಜಾತಕದಂತೆ ಓದುತ್ತಾನೆ. ಡಿಡಿಆರ್4 ಚೀಟಿಯಲ್ಲಿ ವೇಗದ ಅಂಕಿಯ ನಂತರ ಒಂದು ಅಡ್ಡಗೆರೆ, ಅದಾದ ಮೇಲೊಂದು ಅಕ್ಷರ. 'ಆರ್' ಇದ್ದರೆ ಸರ್ವರಿನದು, 'ಯು' ಇದ್ದರೆ ಡೆಸ್ಕ್‌ಟಾಪಿನದು, 'ಎಸ್' ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ. ಟೈನಿಗೆ ಬೇಕಾದದ್ದು ಆ ಗಿಡ್ಡದು.

ಮೂರು ಡಬ್ಬ ಇಳಿಸಿದರು. ಹುಡುಗ ಬ್ಯಾಗಿನಿಂದ ತನ್ನ ಸಾಮಗ್ರಿ ತೆಗೆದ: ಒಂದು ಸ್ಕ್ರೂಡ್ರೈವರ್, ಲಿನಕ್ಸ್ ತುಂಬಿದ ಪೆನ್‌ಡ್ರೈವ್, ಗೋಡೆಯ ಸಾಕೆಟ್ಟಿಗೂ ಅಡಾಪ್ಟರಿಗೂ ನಡುವೆ ಸಿಗಿಸುವ ವ್ಯಾಟ್ ಮೀಟರು.

ಮೊದಲನೆಯದು ಚೆನ್ನಾಗಿ ಎದ್ದಿತು. ಸೆಟಪ್ಪಿಗೆ ಹೋಗಲು ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಇವನು ಕೀಲಿ ಒತ್ತಿದರೆ ಪರದೆಯಲ್ಲಿ ಪಾಸ್‌ವರ್ಡಿನ ಖಾಲಿ ಚೌಕ. ಹಳೇ ಕಂಪನಿಯವರು ಹಾಕಿದ ಬೀಗ. ವರ್ಚುವಲೈಸೇಷನ್ ಎಂಬ ಸ್ವಿಚ್ಚು ಆ ಬೀಗದೊಳಗೇ ಇರುತ್ತದೆ; ಅದು ಆರಿದ್ದರೆ ಹೊತ್ತಿಸುವ ದಾರಿಯಿಲ್ಲ. "ಬಿಚ್ಚಿಸಿ ಕೊಡ್ತೀನಿ, ಸೋಮವಾರ ಬಾ" ಎಂದರು. ಹುಡುಗ ಪಕ್ಕಕ್ಕಿಟ್ಟ.

ಎರಡನೆಯದು ಏಳುತ್ತಲೇ, ಅಡಾಪ್ಟರ್ ಯಾವುದೆಂದು ಗುರುತು ಸಿಗುತ್ತಿಲ್ಲ ಎಂದು ದೂರಿತು. ಯಂತ್ರ ಒಂದು ಕಂಪನಿಯದು, ಅಡಾಪ್ಟರು ಯಾವುದೋ ಊರಿನದು. ಹಾಗಾದಾಗ ಪ್ರೊಸೆಸರು ಕುಂಟುತ್ತ ನಡೆಯುತ್ತದೆ. ಸರಿಯಾದ ಅಡಾಪ್ಟರಿಗೆ ಮತ್ತೆ ಎಂಟುನೂರೋ ಸಾವಿರವೋ. ಅದನ್ನೂ ಪಕ್ಕಕ್ಕಿಟ್ಟ.

ಮೂರನೆಯದರ ಒಂದು ಮೂಲೆ ಜಜ್ಜಿಹೋಗಿತ್ತು. ಸೆಟಪ್ ತೆರೆಯಿತು, ಬೀಗವಿಲ್ಲ. ಹಿಂದಿನ ಒಂದೇ ಸ್ಕ್ರೂ ಬಿಚ್ಚಿ ಮುಚ್ಚಳ ಜಾರಿಸಿದ. ಫ್ಯಾನಿನ ರೆಕ್ಕೆಗಳ ಮೇಲೆ ಭತ್ತದ ಹೊಟ್ಟಿನಂಥ ಧೂಳು. ಬೆರಳಲ್ಲಿ ತಿರುಗಿಸಿದರೆ ಕರಕರ ಎನ್ನದೆ ಸುತ್ತಿತು. 8 ಜಿಬಿಯ ಎರಡು ಪಟ್ಟಿ, ಚೀಟಿಯಲ್ಲಿ 'ಎಸ್'. ಪಕ್ಕದಲ್ಲಿ ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟು 256 ಜಿಬಿಯ ಎನ್‌ವಿಎಂಇ ಡಿಸ್ಕು. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಡಿಸ್ಕಿನ ಆರೋಗ್ಯದ ಚೀಟಿ ಕೇಳಿದ. ಎರಡು ಅಂಕಿ ಬಂದವು. ಚಾಲೂ ಇದ್ದದ್ದು 11,400 ಗಂಟೆ. ಸವೆದದ್ದು ಶೇ 6.

ನನಗೆ ಇದು ಅರ್ಥವಾಗುವ ಭಾಷೆ. ಅಪ್ಪ ಎತ್ತಿನ ತುಟಿಯೆತ್ತಿ ಹಲ್ಲೆಣಿಸುತ್ತಿದ್ದ. ಮಾರುವವನು 'ಎರಡು ಹಲ್ಲು' ಎನ್ನಬಹುದು, ಕೊಂಬಿಗೆ ಎಣ್ಣೆ ಹಚ್ಚಬಹುದು. ಬಾಯ್ಗೂಡಿದ ಎತ್ತಿನ ಬಾಯಿ ಸುಳ್ಳು ಹೇಳುವುದಿಲ್ಲ. ಹಗಲೂ ರಾತ್ರಿ ನಡೆದರೆ ವರ್ಷಕ್ಕೆ 8,760 ಗಂಟೆ. ಆಫೀಸಿನ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಎರಡು ಸಾವಿರ ಚಿಲ್ಲರೆ. ಅಂದರೆ ಇದು ಐದಾರು ವರ್ಷ ಬೆಳಿಗ್ಗೆ ಎದ್ದು ಸಂಜೆ ಮಲಗಿದ ಪ್ರಾಣಿ. ಗಾಣಕ್ಕೆ ಕಟ್ಟಿದ್ದಲ್ಲ.

ಕೊನೆಗೆ ಮೀಟರು. ಏಳುವಾಗ 38 ತೋರಿಸಿತು. ಮೂವತ್ತಕ್ಕೆ ಇಳಿಯಿತು, ಹತ್ತೊಂಬತ್ತು, ಹದಿನಾಲ್ಕು. ಮೂವರೂ ಬಗ್ಗಿ ನೋಡುತ್ತಿದ್ದೆವು. ಅಂಗಡಿಯವರಿಗೂ ಕುತೂಹಲ ಹತ್ತಿತ್ತು; ಹದಿಮೂರು ವರ್ಷದ ವ್ಯಾಪಾರದಲ್ಲಿ ಗಿರಾಕಿ ಹೀಗೆ ತೂಕ ಹಾಕಿದ್ದನ್ನು ಅವರು ನೋಡಿರಲಿಲ್ಲವಂತೆ. ಅಂಕಿ 12ಕ್ಕೂ 11ಕ್ಕೂ ನಡುವೆ ಓಲಾಡಿ 12ರಲ್ಲಿ ನಿಂತಿತು. ಹುಡುಗ ಕಿವಿಯನ್ನು ಡಬ್ಬಕ್ಕೆ ಹಚ್ಚಿದ. "ಕೇಳಿಸ್ತಿಲ್ಲ ಮಾವ" ಎಂದ, ಖುಷಿಯಿಂದ.

ಹನ್ನೊಂದೂವರೆ ಸಾವಿರ ಎಂದರು. ಒಂಬತ್ತು ಎಂದ. ಜಜ್ಜಿದ ಮೂಲೆ ತೋರಿಸಿದ. "ಅದು ಮೂಲೆ ಅಲ್ಲಪ್ಪ, ದೃಷ್ಟಿಬೊಟ್ಟು" ಎಂದರು. ಟವೆಲ್ಲಿನ ಮರೆಯಿಲ್ಲದ, ಕ್ಯಾಲ್ಕುಲೇಟರಿನ ಮೇಲೆ ಬೆರಳಾಡಿಸುವ ವ್ಯಾಪಾರ. ಅವರು ಅಂಕಿ ಒತ್ತಿ ಇವನ ಕಡೆ ತಿರುಗಿಸುವುದು, ಇವನು ಅಳಿಸಿ ಮತ್ತೊಂದು ಒತ್ತಿ ಅವರ ಕಡೆ ತಿರುಗಿಸುವುದು. 10,200ಕ್ಕೆ ನಿಂತಿತು, ಒಂದು ತಿಂಗಳ ಟೆಸ್ಟಿಂಗ್ ವಾರಂಟಿ, ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ನಂಬರು ಬರೆದುಕೊಡಬೇಕು ಎಂಬ ಕರಾರಿನ ಮೇಲೆ. ಉಳಿದ ದುಡ್ಡಿನಲ್ಲಿ ಬ್ಯಾಕಪ್ಪಿಗೆಂದು ಇನ್ನೊಂದು ಡಿಸ್ಕು, ಒಂದು ಲ್ಯಾನ್ ಕೇಬಲ್. ಪ್ಯಾಕಿಂಗ್ ಟೇಪು ಈ ಸಲ ನಮಗಾಗಿ ಚರ್ರೆಂದಿತು.

ಆ ಸಂಜೆಯೇ ಟೈನಿ ಮೇಲಿನ ಕೋಣೆಯಲ್ಲಿ ರೂಟರಿನ ಪಕ್ಕ, ಹಳೇ ಸುಧಾ ಸಂಚಿಕೆಗಳ ಕಟ್ಟಿನ ಮೇಲೆ ಕುಳಿತಿತು. ಕರೆಂಟು ಹೋಗಿಬಂದಾಗ ಆರದಿರಲೆಂದು ಅದರ ಪ್ಲಗ್ಗನ್ನು ಮನೆಯ ಇನ್ವರ್ಟರಿನ ಲೈನಿಗೆ ಹಾಕಿ, ಇನ್ವರ್ಟರಿನ ಬೆನ್ನಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಳ್ಳಿದ. ಪ್ರಾಕ್ಸ್‌ಮಾಕ್ಸ್ ಹಾಕಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಅದಕ್ಕೆ ಮಾನಿಟರೂ ಬೇಡ, ಕೀಬೋರ್ಡೂ ಬೇಡ. ತನ್ನ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅದರ ವಿಳಾಸ, ಮುಂದೆ 8006 ಎಂಬ ಬಾಗಿಲ ಸಂಖ್ಯೆ. ಚಂದಾ ಕಟ್ಟಿಲ್ಲ ಎಂದು ಒಂದು ಸಣ್ಣ ತಕರಾರಿನ ಚೌಕ ಬಂತು. ಸರಿ ಎಂದು ಒತ್ತಿದರೆ ಸುಮ್ಮನಾಯಿತು. ಹೊಸ ಮನೆ ಎಂಬ ಗುಂಡಿ ಒತ್ತಿದ. ವಠಾರದ ಮೊದಲ ಮನೆಗೆ ಪ್ರಾಕ್ಸ್‌ಮಾಕ್ಸೇ ನಂಬರು ಕೊಟ್ಟಿತು: 100. ಆಮೇಲೆ 101, 102, 103. ರಾತ್ರಿ ಹನ್ನೊಂದಕ್ಕೆ ನಾನು ಮೆಟ್ಟಿಲು ಹತ್ತಿ ನೋಡಿದಾಗ ನಾಲ್ಕು ಮನೆಯಲ್ಲೂ ದೀಪ ಹತ್ತಿತ್ತು. 102ನ್ನು ಬೇಕೆಂದೇ ಕೆಡಿಸಿ, ಹಿಂದಿನ ಸ್ನ್ಯಾಪ್‌ಶಾಟಿಗೆ ಮರಳಿಸಿ, ಮತ್ತೆ ಕೆಡಿಸುತ್ತ ಕೂತಿದ್ದ.

ಮರುದಿನ ನನ್ನ ಹೆಂಡತಿ ಕಸ ಗುಡಿಸುತ್ತ ಕೇಳಿದಳು: "ತಂದದ್ದು ಎಲ್ಲಿಟ್ಟಿದ್ದೀಯೋ? ಇನ್ನೂ ಹಾಕೇ ಇಲ್ವಾ?"

"ರಾತ್ರಿಯಿಂದ ಓಡ್ತಿದೆ ಅತ್ತೆ."

ಅವಳು ಪೊರಕೆ ಹಿಡಿದೇ ಬಗ್ಗಿ ಆಲಿಸಿದಳು. ಏನೂ ಹೇಳದೆ ಮುಂದೆ ಗುಡಿಸಿದಳು. ಒಂದನೇ ಷರತ್ತು ಪಾಸಾಗಿತ್ತು.

ಎರಡನೆಯದರ ಫಲಿತಾಂಶಕ್ಕೆ ಪೂರ್ತಿ ಒಂದು ತಿಂಗಳು ಕಾದೆವು. ಆ ದಿನ ಮೀಟರ್ ರೀಡರ್ ಗೇಟಿನ ಹೊರಗೇ ನಿಂತು, ಕೈಯಲ್ಲಿನ ಯಂತ್ರದಿಂದ ಉದ್ದನೆಯ ಚೀಟಿ ಹರಿದು ಗ್ರಿಲ್ಲಿಗೆ ಸಿಕ್ಕಿಸಿ ಹೋದ. ಹುಡುಗ ನಿದ್ದೆಗಣ್ಣಲ್ಲಿ ಮೆಟ್ಟಿಲ ಮೇಲೆ, ನಾನು ಪೇಪರಿನ ಮರೆಯಲ್ಲಿ. ಅವಳು ಕನ್ನಡಕ ಏರಿಸಿ ಚೀಟಿಯನ್ನು ತಲೆಯಿಂದ ಬಾಲದವರೆಗೆ ಓದಿದಳು. ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆಯೇ ಇತ್ತು. ನಾವಿಬ್ಬರೂ ಉಸಿರು ಬಿಟ್ಟೆವು.

ಅವಳ ಬೆರಳು ಮಾತ್ರ ಸೊನ್ನೆಯ ಮೇಲೆ ನಿಲ್ಲದೆ ಮೇಲಕ್ಕೆ ಸರಿಯಿತು. ದೇವರಮನೆಯ ಗೂಡಿನಿಂದ ಹಿಂದಿನ ತಿಂಗಳ ಚೀಟಿ ತಂದು ಪಕ್ಕದಲ್ಲಿ ಹಿಡಿದಳು.

"ಹೋದ ತಿಂಗಳು 128. ಈ ತಿಂಗಳು 137," ಎಂದಳು. "ಒಂಬತ್ತು ಯೂನಿಟ್ ತಿಂದೋರು ಯಾರು?"

ಹುಡುಗ ನನ್ನ ಮುಖ ನೋಡಿದ. ನಾನು ಪೇಪರಿನ ಹಾಳೆ ತಿರುಗಿಸಿದೆ.